ಕಾಳು ಪಲ್ಯ ಬಡಿಸಿದರೆ ಮರ್ಯಾದೆ ಹೋಗುತ್ತದೆಯೇ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಗದಗ-ಬೆಟಗೇರಿಯಲ್ಲಿ ಲಗ್ನ, ಕುಬಸ, ವಾಸ್ತುಶಾಂತಿಗಳಿಗೆ ಅಡುಗೆ ಮಾಡಿಕೊಡುವವನು. ಹದಿನೇಳನೇ ವಯಸ್ಸಿಗೆ ಸೋದರಮಾವನ ಕೈಕೆಳಗೆ ನೀರು ಹೊರಲು ಸೇರಿದೆ, ಈಗ ನನಗೆ 58. ಪತ್ರಿಕೆಗೆ ಪತ್ರ ಬರೆಯುವುದು ಇದೇ ಮೊದಲು. ಹೋದ ವಾರ ಕೇಳಿದ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಒಬ್ಬ ಹೆಣ್ಣಿನ ತಂದೆಯ ಮನೆಗೆ ಅಡುಗೆ ಮಾತಾಡಲು ಹೋಗಿದ್ದೆ. ಚಹಾ ಕುಡಿದು ಪಟ್ಟಿ ಬರೆಯಲು ಕುಳಿತೆವು. ಐದು ನೂರು ಜನರ ಊಟ. ಗೋಬಿ ಮಂಚೂರಿ, ಪನೀರ್ ಮಸಾಲೆ, ಮೈದಾ ರೋಟಿ, ಪಲಾವ್, ಬಿಳಿ ಅನ್ನ, ಮಿರ್ಚಿ, ಜಾಮೂನು, ಐಸ್‌ಕ್ರೀಮ್ ಎಂದು ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಕೊನೆಗೆ ತಡೆಯಲಾರದೆ ಕೇಳಿದೆ: “ಯಜಮಾನರ, ಒಂದು ಮಡಕಿ ಕಾಳ ಪಲ್ಯ, ಒಂದು ತಪ್ಪಲ ಪಲ್ಯ, ಜೋಳದ ರೊಟ್ಟಿ ಇಡೋಣೇನ್ರಿ?” ಅವರು ಗಾಬರಿಯಾದವರಂತೆ ನನ್ನ ಮುಖ ನೋಡಿದರು. “ಏನಂತೀರಿ ಅಣ್ಣಾರ! ಕಾಳ ಪಲ್ಯ ಮಾಡಿದ್ರ ಬೀಗರ ಮುಂದ ನಮ್ಮ ಮರ್ಯಾದಿ ಏನ್ ಉಳೀತೈತ್ರಿ?”

ಅವರು ಒಳ್ಳೆಯ ಮನುಷ್ಯ. ಮಗಳ ಲಗ್ನಕ್ಕೆ ಎರಡು ಎಕರೆಯ ಹೆಸರು ಮಾರಿದ ಹಣ ತೆಗೆದಿಟ್ಟಿದ್ದಾರೆ. ಆ ಹೆಸರುಕಾಳೇ ಲಗ್ನದ ತಾಟಿನಲ್ಲಿ ಬಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಅವರಿಗೆ ಯಾರು ಹೇಳಿಕೊಟ್ಟರು? ಮನೆಗೆ ಬಂದ ಮೇಲೂ ಇದನ್ನೇ ಯೋಚಿಸಿದೆ. ಹೇಳಿಕೊಟ್ಟವರಲ್ಲಿ ನಾನೂ ಒಬ್ಬ ಎನಿಸಿತು.

ಲಗ್ನದ ತಾಟಿನಲ್ಲಿ ಏನು ಬೀಳುತ್ತದೋ ಅದು ಎರಡು-ಮೂರು ವರ್ಷದಲ್ಲಿ ಮನೆಯ ತಾಟಿಗೆ ಬರುತ್ತದೆ. ನಾಲ್ವತ್ತು ವರ್ಷ ಒಲೆಯ ಮುಂದೆ ನಿಂತು ಕಂಡದ್ದು ಇದು. ನಾವು ಮೊದಲ ಸಲ ಗೋಬಿ ಮಂಚೂರಿ ಮಾಡಿದಾಗ ಹುಡುಗರು ಮಾತ್ರ ತಿಂದರು, ಹಿರಿಯರು ಬದಿಗೆ ಸರಿಸಿದರು. ಈಗ ನಮ್ಮ ಓಣಿಯ ಮೂಲೆಯಲ್ಲೇ ಸಂಜೆ ಅದರ ಗಾಡಿ ನಿಲ್ಲುತ್ತದೆ. ಶಾಲೆ ಬಿಟ್ಟ ಮಕ್ಕಳು ಮನೆಗೆ ಹೋಗುವ ಮೊದಲು ಅಲ್ಲಿಗೆ ಹೋಗುತ್ತಾರೆ. ಅದು ಕೆಂಪಗೆ ಕಾಣಲೆಂದು ನಾನೂ ಬಣ್ಣದ ಪುಡಿ ಹಾಕಿದ್ದೇನೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ ಸುದ್ದಿ ಓದಿದ ದಿನ, ಅಷ್ಟು ವರ್ಷ ಎಷ್ಟು ಮಕ್ಕಳ ತಾಟಿಗೆ ಅದನ್ನು ಬಡಿಸಿದೆನೋ ಎಂದು ಊಟ ಸೇರಲಿಲ್ಲ.

ನನ್ನ ಕಣ್ಣು ತೆರೆದದ್ದು ಮಾತ್ರ ಅದಕ್ಕೂ ಮೊದಲು. 2021ರಲ್ಲಿ ಒಂದು ಲಗ್ನದ ಅಡುಗೆಯಲ್ಲಿ ಕಾದ ಎಣ್ಣೆ ಎಡಗಾಲಿನ ಮೇಲೆ ಸಿಡಿಯಿತು. ನಮ್ಮ ಕೆಲಸದಲ್ಲಿ ಅದೇನು ದೊಡ್ಡ ಮಾತಲ್ಲ, ಎಂಟು ದಿನಕ್ಕೆ ಒಣಗುತ್ತದೆ. ಅದು ನಾಲ್ವತ್ತು ದಿನವಾದರೂ ಒಣಗಲಿಲ್ಲ. ಡಾಕ್ಟರು ರಕ್ತ ತಪಾಸಣೆ ಮಾಡಿಸಿದರು. ಬರಿಹೊಟ್ಟೆಯ ಸಕ್ಕರೆ 212. ಮೂರು ತಿಂಗಳ ಸರಾಸರಿ ಹೇಳುವ ತಪಾಸಣೆಯಲ್ಲಿ 9.4, ಅಂದರೆ ಸಕ್ಕರೆ ಕಾಯಿಲೆ. ನಾನು ಹೇಳಿದೆ, “ಸಾಹೇಬರ, ನಾ ಹುಟ್ಟಿದಾಗಿಂದ ಶಾಕಾಹಾರಿ ಅದೀನ್ರಿ, ಕುಡಿಯೂದಿಲ್ಲ, ಸೇದೂದಿಲ್ಲ.” ಅವರು ಕೇಳಿದರು, “ಶಾಕಾಹಾರಿ ಅಂದ್ರ ದಿನಾ ಏನ್ ತಿಂತೀರಿ ಹೇಳ್ರಿ.”

ಹೇಳುತ್ತಾ ಹೋದಂತೆ ನನಗೇ ತಿಳಿಯಿತು. ಬೆಳಿಗ್ಗೆ ವಗ್ಗರಣೆ-ಮಿರ್ಚಿ. ಹತ್ತಕ್ಕೆ ಸಕ್ಕರೆ ಜಾಸ್ತಿ ಹಾಕಿದ ಚಹಾ, ಅಂಥದ್ದು ದಿನಕ್ಕೆ ಆರು. ಮಧ್ಯಾಹ್ನ ಬಿಳಿ ಅನ್ನ, ತಿಳಿ ಸಾರು, ಹಪ್ಪಳ. ಸಂಜೆ ಯಾವುದೋ ಕಾರ್ಯಕ್ರಮದ ಪೂರಿ, ಜಾಮೂನು. ರಾತ್ರಿ ಮತ್ತೆ ಅನ್ನ. ಇದರಲ್ಲಿ ಮಾಂಸವಿಲ್ಲ, ನಿಜ. ಆದರೆ ಕಾಳು ಎಲ್ಲಿದೆ? ಸೊಪ್ಪು ಎಲ್ಲಿದೆ? ಮಾಂಸ ತಿನ್ನುವುದಿಲ್ಲ ಎಂಬ ಒಂದೇ ಹೆಮ್ಮೆಯಲ್ಲಿ ಗಿಡದಿಂದ ಬರುವ ಒಳ್ಳೆಯದನ್ನೆಲ್ಲ ಬಿಟ್ಟು ಮೈದಾ, ಸಕ್ಕರೆ, ಕರಿದ ಎಣ್ಣೆಯಲ್ಲೇ ಹೊಟ್ಟೆ ತುಂಬಿಸಿದ್ದೆ. ಈ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ನನ್ನಂಥವರು ಬಹಳ ಇದ್ದಾರೆ.

ಔಷಧಿ ಶುರುವಾಯಿತು. ಊಟವನ್ನು ಮಾತ್ರ ನಾನೇ ಬದಲಿಸಬೇಕಿತ್ತು. ಹೊಸದೇನನ್ನೂ ತರಲಿಲ್ಲ. ನಮ್ಮವ್ವ ಮಾಡುತ್ತಿದ್ದ ಊಟಕ್ಕೆ ಹೊರಳಿದೆ, ಅಷ್ಟೆ. ಎರಡು ಹೊತ್ತು ಜೋಳದ ರೊಟ್ಟಿ. ಮಡಕಿ, ಹೆಸರು, ಅಲಸಂದಿ, ಕಡಲೆ, ಹುರುಳಿ ಇವುಗಳಲ್ಲಿ ದಿನಕ್ಕೊಂದು ಕಾಳು. ಮೆಂತೆ, ಪುಂಡಿ, ರಾಜಗಿರಿ, ಕಿರಕಸಾಲಿ, ಹೀಗೆ ಪೇಟೆಯ ಟಾಂಗಾಕೂಟದ ಕಡೆಗೆ ಹೋದಾಗ ಏನು ಸಿಕ್ಕಿತೋ ಆ ತಪ್ಪಲ ಪಲ್ಯ. ಹಸಿ ಹಕ್ಕರಕಿ, ಗಜ್ಜರಿ, ಸೌತೆಕಾಯಿ, ಉಳ್ಳಾಗಡ್ಡಿ ತಪ್ಪಲ ರೊಟ್ಟಿಯ ಜೊತೆ ಹಾಗೆಯೇ ಕಡಿದು ತಿನ್ನಲು. ಚಮಚದಷ್ಟು ಅಗಸಿ ಹಿಂಡಿ ಅಥವಾ ಗುರೆಳ್ಳು ಹಿಂಡಿ. ಅನ್ನ ಒಂದು ಹಿಡಿ, ಅದೂ ಕೊನೆಗೆ. ಚಹಾ ಎರಡು, ಸಕ್ಕರೆ ಇಲ್ಲ. ಊಟವಾದ ಮೇಲೆ ಭೀಷ್ಮ ಕೆರೆಯ ಕಡೆ ನಡಿಗೆ. ಹದಿನಾಲ್ಕು ತಿಂಗಳಲ್ಲಿ 9.4 ಇದ್ದದ್ದು 7.1ಕ್ಕೆ ಬಂತು. ತೂಕ ಒಂಬತ್ತು ಕಿಲೋ ಇಳಿಯಿತು. ಗುಳಿಗೆ ಈಗಲೂ ಇದೆ, ಡಾಕ್ಟರು ಪ್ರಮಾಣ ಕಡಿಮೆ ಮಾಡಿದ್ದಾರೆ. ಇದನ್ನು ಓದಿ ಯಾರೂ ಗುಳಿಗೆ ಬಿಡಬೇಡಿರಿ, ನಾನೂ ಬಿಟ್ಟಿಲ್ಲ.

ಕಾಳು-ರೊಟ್ಟಿ ಏನು ಮಾಡುತ್ತದೆ ಎಂದು ಡಾಕ್ಟರನ್ನು ಕೇಳಿದ್ದೆ. ಅವರು ಹೇಳಿದ್ದನ್ನು ನಾನು ಒಲೆಯ ಮಾತಿನಲ್ಲಿ ತಿಳಿದುಕೊಂಡಿದ್ದೇನೆ. ಬಿಳಿ ಅನ್ನ, ಮೈದಾ ಎಂದರೆ ಒಣ ಸೆದೆಯ ಬೆಂಕಿ, ಒಮ್ಮೆಲೇ ಭಗ್ಗೆಂದು ಏಳುತ್ತದೆ, ಸಕ್ಕರೆಯೂ ಹಾಗೆಯೇ ರಕ್ತದಲ್ಲಿ ಏರುತ್ತದೆ. ಕಾಳು, ಜೋಳ ಎಂದರೆ ಕುಳ್ಳಿನ ಕಾವು, ನಿಧಾನಕ್ಕೆ, ಬಹಳ ಹೊತ್ತು. ಅವುಗಳಲ್ಲಿರುವ ನಾರು ಹೊಟ್ಟೆಯಲ್ಲಿ ಊಟ ಕರಗುವ ವೇಗವನ್ನು ತಗ್ಗಿಸುತ್ತದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದ್ದರೆ, ಅಷ್ಟೇ ಬಿಳಿ ಅಕ್ಕಿಯಲ್ಲಿ ಅಥವಾ ಮೈದಾದಲ್ಲಿ ಮೂರು ಗ್ರಾಂ ಕೂಡ ಇರುವುದಿಲ್ಲ. ಹೆಸರುಕಾಳಿನಲ್ಲಿ 100ಕ್ಕೆ 20 ಗ್ರಾಂಗಿಂತ ಹೆಚ್ಚು ಪ್ರೋಟೀನು. ಕಾಳಿನ ನಾರಿನಲ್ಲಿ ಒಂದು ಬಗೆ ಕೊಲೆಸ್ಟರಾಲನ್ನೂ ಇಳಿಸುತ್ತದೆಯಂತೆ. ಹಳ್ಳಿಯಲ್ಲಿ ರೊಟ್ಟಿ ತಿಂದವನು ಸಂಜೆತನಕ ಹಸಿವೆನ್ನದೆ ಹರಗುತ್ತಿದ್ದದ್ದು ಯಾಕೆ ಎಂಬುದು ಆಗ ಗೊತ್ತಾಯಿತು.

ಇನ್ನೊಂದು ಲೆಕ್ಕ ಹೇಳುತ್ತೇನೆ. ಇದು ನನ್ನ ಕಸುಬಿನ ಲೆಕ್ಕ, ಆದ್ದರಿಂದ ಧೈರ್ಯದಿಂದ ಹೇಳಬಲ್ಲೆ.

ನನ್ನ ಹತ್ತಿರ 1991ರಿಂದ ಅಡುಗೆ ವಹಿಗಳಿವೆ. ಯಾವ ಲಗ್ನ, ಎಷ್ಟು ಜನ, ಏನು ಸಾಮಾನು, ಎಷ್ಟು ಉಳಿಯಿತು, ಎಲ್ಲ ಬರೆದಿಟ್ಟಿದ್ದೇನೆ. ಕಾಲು ಸುಟ್ಟುಕೊಂಡು ಮನೆಯಲ್ಲಿ ಕುಳಿತ ದಿನಗಳಲ್ಲಿ ಹಳೆಯ ವಹಿ ತೆಗೆದು ನೋಡಿದೆ. 1993ರಲ್ಲಿ ಲಕ್ಕುಂಡಿಯ ಒಂದು ಲಗ್ನ, ಐದು ನೂರು ಜನ. ಮಡಕಿ ಕಾಳು 12 ಕಿಲೋ. ಕೋಸಂಬರಿಗೆ ಹೆಸರುಬೇಳೆ 5 ಕಿಲೋ. ಎಣ್ಣೆಗಾಯಿಗೆ ಬದನೆಕಾಯಿ 38 ಕಿಲೋ. ಪಚಡಿಗೆ ಸೌತೆಕಾಯಿ, ಗಜ್ಜರಿ, ಮೂಲಂಗಿ 22 ಕಿಲೋ. ಮೆಂತೆ ತಪ್ಪಲ 60 ಸಿವುಡು. ರೊಟ್ಟಿ 1500. ಸಿಹಿ ಗೋಧಿ ಹುಗ್ಗಿ. ಎಣ್ಣೆ ಒಂದೂವರೆ ಡಬ್ಬಿ.

2019ರಲ್ಲಿ ಅಷ್ಟೇ ಜನರ ಇನ್ನೊಂದು ಲಗ್ನ. ಕಾಳು, ಬೇಳೆ ಸೇರಿ 4 ಕಿಲೋ. ಆಲೂಗಡ್ಡೆ ಬಿಟ್ಟರೆ ತರಕಾರಿ 35 ಕಿಲೋ, ಅದರಲ್ಲಿ 25 ಕಿಲೋ ಹಿಟ್ಟಿನಲ್ಲಿ ಅದ್ದಿ ಕರಿದ ಹೂಕೋಸು. ಸೊಪ್ಪು ಎಂದರೆ ಕೊತ್ತಂಬರಿ ಮಾತ್ರ. ಮೈದಾ 30 ಕಿಲೋ. ಸಕ್ಕರೆ ಒಂದು ಇಡೀ ಚೀಲ. ಎಣ್ಣೆ ಮೂರು ಡಬ್ಬಿ, ಅಂದರೆ 45 ಕಿಲೋ, ಒಂದು ಡಬ್ಬಿ ಉಳಿಯಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರ ಊಟಕ್ಕೆ ಹೊಸ ಮಾರ್ಗಸೂಚಿ ಹೊರಡಿಸಿತು. ಮಗಳು ಮೊಬೈಲಿನಲ್ಲಿ ಓದಿ ಹೇಳಿದಳು. ಅದರಲ್ಲಿ ಒಬ್ಬರ ಒಂದು ದಿನದ ತಾಟು ಹೇಗಿರಬೇಕೆಂದು ಕೊಟ್ಟಿದ್ದಾರೆ: ಧಾನ್ಯ 250 ಗ್ರಾಂ, ಕಾಳು-ಬೇಳೆ 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ. ಒಂದು ಊಟಕ್ಕೆ ಮೂರರಲ್ಲಿ ಒಂದು ಪಾಲು ಎಂದು ಹಿಡಿದು ಐದು ನೂರು ಜನಕ್ಕೆ ಗುಣಿಸಿದೆ. ತರಕಾರಿ 66 ಕಿಲೋ, ಕಾಳು-ಬೇಳೆ 14 ಕಿಲೋ ಬಂತು. 1993ರ ವಹಿಯ ಪಕ್ಕದಲ್ಲಿ ಇಟ್ಟು ನೋಡಿದೆ. ನನ್ನ ಸೋದರಮಾವ ಸಾಲಿ ಕಟ್ಟೆ ಹತ್ತಿದವನಲ್ಲ. ಬೆರಳು ಎಣಿಸಿ ಸಾಮಾನು ಹೇಳುತ್ತಿದ್ದ. ಕಾಳು, ತರಕಾರಿಗೆ ಅವನು ಹೇಳಿದ ಲೆಕ್ಕ, ಇಂದು ವಿಜ್ಞಾನಿಗಳು ಹೇಳುತ್ತಿರುವ ಲೆಕ್ಕ ಹೆಚ್ಚುಕಡಿಮೆ ಒಂದೇ. 2019ರ ವಹಿಯಲ್ಲಂತೂ ದಿನಕ್ಕೆ 27 ಗ್ರಾಂ ಎಂದಿರುವ ಎಣ್ಣೆಯನ್ನು ನಾನು ಒಂದೇ ಊಟದಲ್ಲಿ ತಲೆಗೆ 60 ಗ್ರಾಂ ಬಡಿಸಿದ್ದೆ. ಆ ರಾತ್ರಿ ಮಾವನನ್ನು ನೆನೆದು ಅತ್ತಿದ್ದೇನೆ.

ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. ನಮಗೆ ಅಷ್ಟು ದೂರ ಹೋಗುವುದು ಬೇಡ. ನನ್ನ ಅಡುಗೆ ತಂಡದಲ್ಲಿ ಹನ್ನೊಂದು ಜನ, ಅದರಲ್ಲಿ ನಾಲ್ವರು ಗುಳಿಗೆ ನುಂಗುತ್ತಾರೆ. ಒಬ್ಬನಿಗೆ ಇನ್ನೂ 34 ವರ್ಷ.

ಈ ಪತ್ರ ಮಾಂಸ ತಿನ್ನುವವರನ್ನು ಬೈಯಲು ಬರೆದದ್ದಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿರಿ. ನಮ್ಮ ಓಣಿಯಲ್ಲಿ ಮಾಂಸದಡುಗೆಗೆ ಹೆಸರಾದ ಸಾವಜಿ ಮನೆಗಳಿವೆ, ಅವರ ಕೈರುಚಿಗೆ ಇಡೀ ಉತ್ತರ ಕರ್ನಾಟಕ ಕೈಮುಗಿಯುತ್ತದೆ. ನಮ್ಮ ಪಕ್ಕದ ಮನೆಯ ಅಣ್ಣ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದವರು, ವಾರಕ್ಕೆ ನಾಲ್ಕು ದಿನ ಇದ್ದ ಮಟನ್ನನ್ನು ತಿಂಗಳಿಗೆ ಒಂದಕ್ಕೆ ಇಳಿಸಿ, ಉಳಿದ ದಿನ ಅದೇ ಮಸಾಲೆಯನ್ನು ಕಡಲೆಕಾಳಿಗೆ, ಅವರೆಕಾಳಿಗೆ ಹಾಕಿಸುತ್ತಾರೆ. ಆ ಮನೆಯ ವೈನಿ ಒಂದು ವಾಟಗಾ ಕಳಿಸಿದ್ದರು, ತಿಂದು ನೋಡಿದೆ. ಸಾವಜಿ ಮಸಾಲೆಯ ಕಡಲೆಕಾಳು ಬಡಿಸಿದರೆ ಯಾವ ಬೀಗರೂ ಬೇಡ ಎನ್ನುವುದಿಲ್ಲ. ಒಂದೇ ಸಲಕ್ಕೆ ಎಲ್ಲವನ್ನೂ ಬಿಡಬೇಕೆಂದು ನಾನು ಹೇಳುವುದಿಲ್ಲ. ತಾಟಿನ ಹೆಚ್ಚಿನ ಭಾಗ ಗಿಡದಿಂದ ಬಂದದ್ದಿರಲಿ, ಅದೂ ಕರಿಯದೆ, ಬಿಳಿ ಮಾಡದೆ ಇರಲಿ, ಇಷ್ಟೇ ಬೇಡಿಕೆ.

ಹಾಗೆಂದು ಕಾಳು-ಸೊಪ್ಪು ಎಲ್ಲದಕ್ಕೂ ಮದ್ದು ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಹೆಂಡತಿಗೆ ಎರಡು ವರ್ಷದ ಹಿಂದೆ ಪಾದ ಜುಮು ಜುಮು ಎನ್ನತೊಡಗಿತು. ತಪಾಸಣೆಯಲ್ಲಿ ಬಿ12 ಬಹಳ ಕಡಿಮೆ ಇತ್ತು. ಈ ಜೀವಸತ್ವ ಕಾಳು, ಸೊಪ್ಪು, ಜೋಳ ಯಾವುದರಲ್ಲೂ ಇಲ್ಲ. ಮಾಂಸ ತಿನ್ನದವರಿಗೆ ಹಾಲು-ಮೊಸರು ಅಥವಾ ತತ್ತಿಯಿಂದ ಬರಬೇಕು, ಅವೂ ಬೇಡವೆಂದರೆ ಗುಳಿಗೆ ತೆಗೆದುಕೊಳ್ಳಲೇಬೇಕು. ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಬಹಳ ವರ್ಷ ನುಂಗಿದವರಲ್ಲೂ ಇದು ತಗ್ಗುವುದುಂಟು, ಅದಕ್ಕೆ ನನ್ನದನ್ನೂ ನೋಡಿಸಿದರು. ಮೂತ್ರಪಿಂಡದ ತೊಂದರೆ ಇದ್ದವರು ಕಾಳು, ಸೊಪ್ಪು ಎಷ್ಟು ತಿನ್ನಬೇಕೆಂದು ಡಾಕ್ಟರನ್ನು ಕೇಳಿಯೇ ತಿನ್ನಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವವರು ಬಹಳ. ಕಾಳು-ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಬೇಕು, ಊಟದ ಬೆನ್ನಿಗೇ ಚಹಾ ಕುಡಿಯಬಾರದು. ಈ ಎರಡು ಮಾತನ್ನು ನಮ್ಮ ಮನೆಯಲ್ಲಿ ಬಾಗಿಲ ಹಿಂದೆ ಬರೆದು ಅಂಟಿಸಿದ್ದೇವೆ.

ಮತ್ತೆ ಮರ್ಯಾದೆಯ ಮಾತಿಗೆ ಬರುತ್ತೇನೆ. ನಾಗರ ಪಂಚಮಿಯ ಹೊತ್ತಿನ ರೊಟ್ಟಿ ಹಬ್ಬವನ್ನು ನೆನೆಸಿಕೊಳ್ಳಿರಿ. ನಾನು ಸಣ್ಣವನಿದ್ದಾಗ ಅವ್ವ ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ನಾಲ್ಕು ತರಹದ ಕಾಳು ಪಲ್ಯ, ಶೇಂಗಾ ಹಿಂಡಿ, ಬದನೆಕಾಯಿ ಎಲ್ಲ ತಾಟಿಗೆ ಹಚ್ಚಿ, ಮೇಲೆ ಅರಿವೆ ಮುಚ್ಚಿ, ನನ್ನ ಕೈಯಲ್ಲಿ ಓಣಿಯ ಹದಿನಾಲ್ಕು ಮನೆಗೆ ಕಳಿಸುತ್ತಿದ್ದಳು. ನೇಕಾರರ ಮನೆ, ಬಡಿಗೇರರ ಮನೆ, ಮುಸ್ಲಿಮರ ಮನೆ, ಯಾರನ್ನೂ ಬಿಡುತ್ತಿರಲಿಲ್ಲ. ಅಲ್ಲಿಂದಲೂ ರೊಟ್ಟಿ ಬರುತ್ತಿತ್ತು. ಆ ದಿನ ಹದಿನಾಲ್ಕು ಮನೆಯ ಕಾಳು ಪಲ್ಯ ನಮ್ಮ ಮನೆಯಲ್ಲಿ, ಹದಿನಾಲ್ಕು ರುಚಿ. ಡಂಬಳದ ರೊಟ್ಟಿ ಜಾತ್ರೆಗೆ ಹೋದವರಿಗೆ ಗೊತ್ತು, ಅಲ್ಲಿ ಮಠದ ಅಂಗಳದಲ್ಲಿ ಯಾವ ಜಾತಿ ಎಂದು ಕೇಳದೆ ಸಾಲಾಗಿ ಕುಳಿತು ರೊಟ್ಟಿ, ಪಲ್ಯ, ಕರಿಂಡಿ ಉಣ್ಣುತ್ತಾರೆ. ಅಲ್ಲಿ ಕುಳಿತು ಉಂಡ ಶ್ರೀಮಂತರನ್ನೂ ನೋಡಿದ್ದೇನೆ. ಜಾತ್ರೆಯಲ್ಲಿ ಪ್ರಸಾದವಾದದ್ದು ಲಗ್ನದಲ್ಲಿ ಅವಮಾನ ಹೇಗಾಗುತ್ತದೆ?

ನಮ್ಮ ಜಿಲ್ಲೆಯ ಎರೆ ಹೊಲ ಮುಂಗಾರಿಗೆ ಹೆಸರು ಕೊಡುತ್ತದೆ, ಹಿಂಗಾರಿಗೆ ಜೋಳ, ಕಡಲೆ, ಕುಸುಬೆ ಕೊಡುತ್ತದೆ. ಪನೀರು, ಮೈದಾ ಹೊರಗಿನಿಂದ ಬರುತ್ತವೆ. ಬೆಟಗೇರಿಯಲ್ಲಿ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳು ಎಷ್ಟಿದ್ದಾರೆ ಎಂದು ನನಗೆ ಗೊತ್ತು, ಅವರಲ್ಲಿ ಹಲವರು ಮಗ್ಗ ನಿಂತ ಮೇಲೆ ಈ ಕೆಲಸ ಹಿಡಿದವರು. ಒಂದು ಲಗ್ನಕ್ಕೆ 1500 ರೊಟ್ಟಿ ಹೇಳಿದರೆ ಐದಾರು ಮನೆಗೆ ದುಡ್ಡು ಹೋಗುತ್ತದೆ. ಹೋದ ವರ್ಷ ಹುಲಕೋಟಿ ಕಡೆಯ ಒಂದು ಕುಬಸದಲ್ಲಿ ಮನೆಯವರು ನನ್ನ ಮಾತಿಗೆ ಒಪ್ಪಿದರು. ಗೋಬಿ, ಪನೀರು ಬಿಟ್ಟು ಮೊಳಕೆ ಮಡಕಿ, ಪುಂಡಿ ಪಲ್ಯ, ಪಚಡಿ, ನವಣಕ್ಕಿ ಅನ್ನ, ಗೋಧಿ ಹುಗ್ಗಿ ಮಾಡಿದೆ. ಊಟಕ್ಕೆ ತಲಾ 40 ರೂಪಾಯಿ ಕಡಿಮೆ ಬಿತ್ತು. ಪುಂಡಿ ಪಲ್ಯ ಎರಡನೇ ಪಂಕ್ತಿಗೇ ಮುಗಿಯಿತು, ಮೂರನೇ ಪಂಕ್ತಿಯವರು ಬೈದರು. ನನ್ನ ಕಸುಬಿನಲ್ಲಿ ಅಂಥ ಬೈಗುಳ ಕೇಳಿ ಬಹಳ ವರ್ಷವಾಗಿತ್ತು.

ಎಲ್ಲರೂ ಒಪ್ಪಲಿಲ್ಲ, ಅದನ್ನೂ ಹೇಳಬೇಕು. ಆ ದಿನ ಕೆಲವು ಹುಡುಗರು ಅರ್ಧಕ್ಕೇ ಎದ್ದು ಗಾಡಿಯ ಕಡೆಗೆ ಹೋದರು. ಅವರ ನಾಲಿಗೆಗೆ ಅಜಿನೊಮೊಟೊ, ಸಾಸು ರೂಢಿ ಮಾಡಿಸಿದವರು ನಾವು, ಒಂದೇ ಊಟಕ್ಕೆ ಬದಲಾಗುವುದಿಲ್ಲ. ಅದಕ್ಕೇ ಮೊಳಕೆ ಕಾಳಿಗೆ ಉಳ್ಳಾಗಡ್ಡಿ, ಟೊಮ್ಯಾಟೊ, ನಿಂಬೆರಸ, ಮೇಲೆ ಸ್ವಲ್ಪ ಹುರಿದ ಶೇಂಗಾ ಹಾಕಿ ಗಿರಮಿಟ್ಟಿನ ಹಾಗೆ ಕಲಸಿ, ಪಂಕ್ತಿಗೆ ಮೊದಲೇ ಸಣ್ಣ ವಾಟಗಾದಲ್ಲಿ ಕೊಟ್ಟು ನೋಡುತ್ತಿದ್ದೇನೆ. ಹಸಿದ ಹೊತ್ತಿಗೆ ಕೊಟ್ಟರೆ ತಿನ್ನುತ್ತಾರೆ.

ಗದಗ, ಬೆಟಗೇರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮುಂದಿನ ಲಗ್ನದ ಸುಗ್ಗಿಗೆ ಅಡುಗೆ ಹೇಳುವ ಹಿರಿಯರಲ್ಲಿ, ನನ್ನ ಹಾಗೆ ಒಲೆ ಹಚ್ಚುವ ಎಲ್ಲ ಅಡುಗೆಯವರಲ್ಲಿ ಕೈಮುಗಿದು ಕೇಳುತ್ತೇನೆ. ಒಂದು ಕಾಳು ಪಲ್ಯ, ಒಂದು ತಪ್ಪಲ ಪಲ್ಯ, ಒಂದು ಪಚಡಿ, ಜೊತೆಗೆ ರೊಟ್ಟಿ, ಇಷ್ಟನ್ನು ಪಟ್ಟಿಯ ಮೇಲ್ತುದಿಯಲ್ಲಿ ಬರೆಯಿರಿ, ತಾಟಿಗೆ ಮೊದಲು ಅದನ್ನೇ ಬಡಿಸಿರಿ. ಉಳಿದದ್ದು ಆಮೇಲೆ ಬರಲಿ. ನನಗೆ ಅಡುಗೆ ಹೇಳುವವರಿಗೆ ಈ ಮೂರು ಪದಾರ್ಥಗಳ ಮಜೂರಿಯನ್ನು ಈ ವರ್ಷ ನಾನು ತೆಗೆದುಕೊಳ್ಳುವುದಿಲ್ಲ. ಆ ಹೆಣ್ಣಿನ ತಂದೆಗೂ ನಿನ್ನೆ ಫೋನು ಮಾಡಿ ಇದನ್ನೇ ಹೇಳಿದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದಾರೆ.

ಒಂದು ಮಾತ್ರ ನೆನಪಿರಲಿ. ಮಡಕಿ ಕಾಳನ್ನು ರಾತ್ರಿ ನೆನೆಹಾಕಿ, ಮರುದಿನ ಅರಿವೆಯಲ್ಲಿ ಕಟ್ಟಿ ಇಟ್ಟರೆ ಮೂರನೇ ದಿನ ಬೆಳಿಗ್ಗೆ ಮೊಳಕೆ ಸರಿಯಾಗಿ ಬರುತ್ತದೆ. ಆದ್ದರಿಂದ ಬೇಕೋ ಬೇಡವೋ ಎಂಬುದನ್ನು ಎರಡು ದಿನ ಮೊದಲೇ ಹೇಳಬೇಕು.

ಇಂತಿ,
ಒಬ್ಬ ಅಡುಗೆಯವ, ಬೆಟಗೇರಿ, ಗದಗ